ಅವ್ವಾರ ಮೋಟಾರು

ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲವರೆಗೆ ತೊಯ್ದ ಕಾಲುಗಳಲ್ಲಿ ಅವ್ವಾರು ಗೇಟಿಗೆ ಬಂದು ನಿಂತರೆಂದರೆ ಗಾಜಿಪುರದ ನಮ್ಮ ಓಣಿಗೆ ನಳದ ನೀರು ಬಂದಿದೆ ಎಂದೇ ಅರ್ಥ. ಅಗಲವಾದ ಪಾದ, ಬಿರುಕು ಬಿಟ್ಟ ಹಿಮ್ಮಡಿ. ಗಂಟಲಂತೂ ಮೈಕು ಬೇಡದಂಥದು. "ಬರ್ರೆವ್ವಾ, ಸಂಪು ತುಂಬ್ಯದ" ಎಂದು ಕೂಗಿದರೆ ಓಣಿಯ ಕೊನೆಯವರೆಗೂ ಕೇಳುತ್ತಿತ್ತು.

ಅವರು ನಮ್ಮ ಮನೆ ಮಾಲಕಿ. ಸೇಡಂ ರಸ್ತೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ನಾನು ಅವರ ಮಹಡಿಯಲ್ಲಿ ಬಾಡಿಗೆಗಿದ್ದೆ. ಓಣಿಯ ಮೊದಲ ಮನೆ ಅವರದು. ನಳದ ಪೈಪಿಗೇ ಮೋಟಾರು ಹಚ್ಚಿ, ನೀರೆಳೆದು ಸಂಪು ತುಂಬಿಸುತ್ತಿದ್ದವರು ಅವರೊಬ್ಬರೇ. ಉಳಿದವರ ನಳದಲ್ಲಿ ಬೆರಳು ಗಾತ್ರದ ನೀರು; ಕೊನೆಯ ಮನೆಯಲ್ಲಿ ಅದೂ ಇಲ್ಲ, ಬರೀ ಗಾಳಿ. "ನಮ್ಮ ಓಣಿ ಎತ್ತರದಾಗದ. ಮೋಟಾರ್ ಇಲ್ದ ನೀರು ಏರಂಗಿಲ್ಲ" ಎನ್ನುತ್ತಿದ್ದರು ಅವ್ವಾರು. ನಾವೆಲ್ಲ ನಂಬಿದ್ದೆವು. ಅವರೂ ನಂಬಿದ್ದರು.

ಒಂದು ಕೊಡಕ್ಕೂ ಅವರು ಇಲ್ಲ ಎಂದದ್ದನ್ನು ನಾನು ಕೇಳಿಲ್ಲ. ಯಾರಾದರೂ ಸಂಕೋಚಪಟ್ಟು ಚಿಕ್ಕ ಕೊಡ ತಂದರೆ, "ಇಷ್ಟು ಸಣ್ಣದು ತಂದು ನನ್ನ ಸಂಪಿನ ಮರ್ಯಾದಿ ಕಳೀಬ್ಯಾಡ, ದೊಡ್ಡದು ತಗೊಂಡು ಬಾ" ಎಂದು ಕಾಲೆಳೆಯುತ್ತಿದ್ದರು. ಅವರ ತವರು ಕಮಲಾಪುರ. ಅಲ್ಲಿ ಅಪ್ಪನ ಬಾಳೆತೋಟದ ಬಾವಿಯಿಂದ ಸುತ್ತಲಿನವರೆಲ್ಲ ನೀರು ಸೇದುತ್ತಿದ್ದರಂತೆ, ಅಪ್ಪ ಯಾರಿಗೂ ಬೇಡ ಎಂದವರಲ್ಲವಂತೆ. ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

ನೀರು ಬಿಡುವ ಸಿಬ್ಬಂದಿ ಓಣಿಗೆ ಬಂದರೆ ಅವ್ವಾರು ಅಡ್ಡಗಟ್ಟಿ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. "ಕೊನೀ ಮನಿಯಾಕಿ ಏನು ಪಾಪ ಮಾಡ್ಯಾಳ? ಆಕಿಗಿ ಯಾಕ ನೀರು ಮುಟ್ಟಂಗಿಲ್ಲ?"

"ಮೊದಲ ನಿಮ್ಮ ಮೋಟಾರ್ ತೆಗೀರಿ ಅವ್ವಾರ" ಎಂದು ಸಿಬ್ಬಂದಿ ಗೊಣಗಿದರೆ ಓಣಿಗೆ ಓಣಿಯೇ ತಿರುಗಿ ಬೀಳುತ್ತಿತ್ತು. "ತೆಗದ್ರ ನಮಗ ನೀರು ನೀವು ಕೊಡ್ತೀರೇನು?" ಎಂದು ಎಲ್ಲರಿಗಿಂತ ಜೋರಾಗಿ ಕೇಳುತ್ತಿದ್ದವಳು ಆ ಕೊನೆಯ ಮನೆಯಾಕೆಯೇ. ದಾಲ್ ಮಿಲ್ಲಿಗೆ ಕೆಲಸಕ್ಕೆ ಹೋಗುವ ಹೆಂಗಸು. ಕೊಡ ತುಂಬಿದ ಮೇಲೆ ಅವ್ವಾರಿಗೆ ಕೈ ಮುಗಿಯದೆ ಹೋದವಳಲ್ಲ.

ಒಂದು ಬೇಸಿಗೆಯ ಬೆಳಿಗ್ಗೆ ನಳ ಬಂದ ಹೊತ್ತಿಗೇ ಮೋಟಾರು ಸುಟ್ಟುಹೋಯಿತು. ಅವ್ವಾರು ಚಡಪಡಿಸಿದರು. "ಇವತ್ತ ನೀರಿಲ್ಲಂತ ಕೊನೀ ಮನಿಯಾಕಿಗಿ ಹೇಳಿ ಬರೋಣ ನಡಿ. ಪಾಪ, ಕೊಡಾ ಹೊತ್ತು ಅಷ್ಟು ದೂರ ಬಂದಾಳು" ಎಂದು ನನ್ನನ್ನೂ ಕರೆದುಕೊಂಡು ಹೊರಟರು.

ಕೊನೆಯ ಮನೆಯ ಅಂಗಳದಲ್ಲಿ ಕಂಡದ್ದನ್ನು ನಾನು ಇಂದಿಗೂ ಮರೆತಿಲ್ಲ. ಚಿಂದಿ ಸುತ್ತಿದ್ದ ಹಳೆಯ ನಳದಿಂದ ನೀರು ಧೋ ಎಂದು ಸುರಿಯುತ್ತಿತ್ತು. ಆಕೆ ಕೊಡ ಹಿಡಿದವಳು ಹಾಗೇ ನಿಂತಿದ್ದಳು. ನಳದ ಕೆಳಗೆ ಇಡಬೇಕೆಂಬುದೇ ಮರೆತಂತಿತ್ತು.

"ನಿಮ್ಮ ಮೋಟಾರ್ ಹೆಂಗದ್ರಿ ಅವ್ವಾರ?" ಎಂದು ಕೇಳಿದಳು.

"ಸುಟ್ಟದ."

ಅವ್ವಾರು ನಳವನ್ನು ನೋಡಿದರು, ತಿರುಗಿ ತಮ್ಮ ಮನೆಯತ್ತ ನೋಡಿದರು, ಅಲ್ಲೇ ನೆಲಕ್ಕೆ ಕುಳಿತರು.

"ಇಷ್ಟು ವರ್ಷ ನನ್ನ ನೀರಿಗೇ ನಾ ನಿಮಗ ಕೈ ಮುಗದೀನಿ" ಎಂದಳು ಆಕೆ. ಬೈಯಲಿಲ್ಲ. ಖಾಲಿ ಕೊಡ ಹಿಡಿದೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬಾವಿಯ ನೀರು ತನ್ನ ನೆಲದಿಂದ ಬರುತ್ತದೆ, ಪೈಪಿನ ನೀರು ಇನ್ನೊಬ್ಬರ ಪಾಲಿನಿಂದ ಬರುತ್ತದೆ. ಆ ವ್ಯತ್ಯಾಸ ತಿಳಿಯದೆ ಅವ್ವಾರು ಅಪ್ಪನ ಧಾರಾಳತನವನ್ನು ಹಾಗೇ ಓಣಿಗೆ ತಂದಿದ್ದರು. ಸುಟ್ಟ ಮೋಟಾರನ್ನು ರಿಪೇರಿ ಮಾಡಿಸಿ ಕಮಲಾಪುರದ ತಮ್ಮನ ತೋಟಕ್ಕೆ ಕಳಿಸಿಬಿಟ್ಟರು. ಅಂದಿನಿಂದ ಎಲ್ಲರ ಮನೆಗೂ ನೀರು ಬಂತು, ಅವರ ಗೇಟಿಗೆ ಯಾರೂ ಬರಲಿಲ್ಲ. ಕೊನೆಯ ಮನೆಯ ಬಾಗಿಲಿಗೆ ಅವರು ಎಷ್ಟೋ ಸಲ ಹೋಗಿ ನಿಂತರು. ಆಕೆ ಮಾತಾಡಲಿಲ್ಲ.

"ಬೈದ್ರ ಬೈಸ್ಕೋತೀನಿ. ಹಿಂಗ ಸುಮ್ನಿದ್ರ ನಾ ಏನು ಮಾಡ್ಲಿ, ನೀನೇ ಹೇಳು" ಎಂದು ನನ್ನ ಮುಂದೆ ಅತ್ತಿದ್ದರು.

ಅದೇ ಚಳಿಗಾಲದಲ್ಲಿ ಕಾಯಿಲೆ ಬಿದ್ದ ಅವರನ್ನು ಅವರ ತಮ್ಮ ಬಂದು ಕಮಲಾಪುರಕ್ಕೆ ಕರೆದೊಯ್ದ. ಅಲ್ಲಿಂದ ತಿರುಗಿ ಬರಲಿಲ್ಲ. ಸಾವಿನ ಸುದ್ದಿ ಬಂದಾಗ ಓಣಿಯವರು ಒಂದು ಜೀಪು ಮಾಡಿದೆವು. ಹೊರಡುವ ಹೊತ್ತಿಗೆ ಕೊನೆಯ ಮನೆಯಾಕೆ ಬಂದು, ಯಾರನ್ನೂ ಕೇಳದೆ ಹತ್ತಿ ಕುಳಿತಳು.

ಅಲ್ಲಿ ಅವ್ವಾರ ಕಾಲ ಬಳಿ ಕುಳಿತವಳು ಬಹಳ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದಳು.

"ನೀರು ನಂದೇ ಇತ್ತು, ಖರೆ. ಆದ್ರ ನಾ ಬಾಣಂತಿ ಇದ್ದಾಗ ದಿನಾ ಕೊಡಾ ಹೊತ್ತು ತಂದು ನನ್ನ ಬಾಗಿಲಿಗೆ ಇಳಿಸಿದಾಕಿ ಈಕಿ. ಅದು ಸುಳ್ಳಲ್ಲಲ್ರಿ ಅಕ್ಕಾರ? ಇದನ್ನ ಈಕಿಗಿ ಹೇಳಬೇಕಂತ ಮಾಡಿದ್ದೆ. ಇನ್ನೊಂದು ಸಲ ಬಾಗಿಲಿಗೆ ಬಂದ್ರ ಹೇಳೋಣಂತ ಸುಮ್ನಿದ್ದೆ."