ಕಂಬಳಿಗೆ ಸುಟ್ಟ ಚುಕ್ಕಿಗಳು

ನಮ್ಮ ಮನೆಯಲ್ಲಿ ಗಂಡುಹುಡುಗರು ಕುರಿಮಂದೆಯ ಜೊತೆ ಹೊರಗೆ ಮಲಗಿ ಚುಕ್ಕಿ ಗುರುತಿಸುವುದನ್ನು ಕಲಿಯುತ್ತಿದ್ದರು. ಹೆಣ್ಣುಮಕ್ಕಳು ದೀಪ ಹಚ್ಚಿದ ಮೇಲೆ ಹೊಸ್ತಿಲು ದಾಟುವಂತಿರಲಿಲ್ಲ. ಇದು ನಮ್ಮತ್ತೆಯ ಕಟ್ಟು. ಹಿರಿಯೂರು ಕಡೆಯ ಆ ಹಟ್ಟಿಗೆ ಸೊಸೆಯಾಗಿ ಬಂದಾಗಿನಿಂದ ನನಗೂ ಅದೇ. ಆದರೆ ನಾನು ಮಾಡದಕೆರೆಯಲ್ಲಿ ಅಪ್ಪನ ಕುರಿಗಳ ಹಿಂದೆ ತಿರುಗಿದವಳು. ಮೈನೆರೆಯುವ ತನಕ ಬಯಲಲ್ಲೇ ಮಲಗಿದ್ದೆ. ಚುಕ್ಕಿ ನೋಡಿ ಹೊತ್ತು ಹೇಳುತ್ತಿದ್ದೆ. ನನ್ನ ಇಬ್ಬರು ಹೆಣ್ಣುಮಕ್ಕಳಿಗೆ ಅದು ಗೊತ್ತಿಲ್ಲದೆ ಇರುವುದು ನನಗೆ ಸರಿಬರಲಿಲ್ಲ.

ಎಪ್ಪತ್ತೆರಡೋ ಎಪ್ಪತ್ತಮೂರೋ ಇಸವಿ ಇರಬೇಕು, ಮಾಘದ ಚಳಿ. ಅತ್ತೆ ಸಂತೆಗೆ ಹೋದ ದಿನ ನನ್ನ ಹಳೇ ಕರಿ ಕಂಬಳಿ ನೆಲಕ್ಕೆ ಹಾಸಿದೆ. ಗೋಣಿಚೀಲ ಹೊಲಿಯುವ ದಬ್ಬಣವನ್ನು ಒಲೆಯಲ್ಲಿ ಕೆಂಪಗೆ ಕಾಸಿದೆ. ಬರೀ ಚುಚ್ಚಿದರೆ ಉಣ್ಣೆ ಮತ್ತೆ ಕೂಡಿಕೊಳ್ಳುತ್ತದೆ, ಸುಟ್ಟರೆ ತೂತು ನಿಲ್ಲುತ್ತದೆ. ನಾನು ಹೇಳಿದ ಕಡೆ ಮಕ್ಕಳು ಹುಣಸೆಬೀಜ ಇಟ್ಟರು, ಬೀಜ ಇದ್ದಲ್ಲಿ ನಾನು ಸುಟ್ಟೆ. ಸಾಲಾಗಿ ಮೂರು ಚುಕ್ಕಿ, ಬೀಜ ಬಿತ್ತುವ ಕೂರಿಗೆಯ ಹಾಗೆ, ಅದಕ್ಕೇ ಅದು ಕೂರಿಗೆ. ಅದರ ಮುಂದೆ, ಪಡುವಣ ಕಡೆಗೆ, ಒತ್ತೊತ್ತಾಗಿ ಇರುವುದು ಮರಿಗುಂಪು. ಕಂಬಳಿಯನ್ನು ಬಾಗಿಲಿಗೆ ಕಟ್ಟಿದೆವು. ಮಧ್ಯಾಹ್ನದಲ್ಲೇ ಒಳಗೆ ಕತ್ತಲಾಯಿತು, ತೂತುಗಳಲ್ಲಿ ಬಿಸಿಲು ಹೊಳೆಯಿತು. ಚಿಕ್ಕವಳು ಹೊರಗೆ ಓಡಿ ಅಂಗೈ ಅಡ್ಡ ಹಿಡಿದು ಒಂದು ಚುಕ್ಕಿ ನಂದಿಸುವಳು. ಯಾವುದು ಆರಿತೆಂದು ದೊಡ್ಡವಳು ಒಳಗಿನಿಂದ ಕೂಗಿ ಹೇಳಬೇಕು. ಅದೇ ಆಟ.

ಸುಟ್ಟ ಉಣ್ಣೆಯ ವಾಸನೆ ಅತ್ತೆಗೆ ಬೀದಿಯಲ್ಲೇ ಬಡಿಯಿತು.

"ಕಂಬ್ಳಿಗೆ ಬರೆ ಇಕ್ಕೀಯೇನೇ? ದೇವ್ರು ಕುಂದ್ರಾ ಗದ್ದುಗೆ ಅದು."

"ದೇವ್ರ ಕಂಬ್ಳಿ ಮುಟ್ಟಿಲ್ಲತ್ತೆ, ಅದು ಬಿದಿರ ಗಳದ ಮೇಲೈತೆ. ಇದು ನಾ ನೂತಿದ್ದು."

"ತಪ್ಪಾಯ್ತು ಅಂತ ಕಾಯಿ ಒಡ್ದು ಅಡ್ಡಬೀಳು."

"ಬೀಳಲ್ಲ."

"ನನ್ ಮಗ ಬರ್ಲಿ. ನಿನ್ನ ತವರಿಗೆ ಅಟ್ಟದಿದ್ರೆ ಕೇಳು."

ನಮ್ಮ ಜನ ಕಂಬಳಿಗೆ ಕಾಲು ತಾಗಿದರೂ ಕಣ್ಣಿಗೊತ್ತಿಕೊಳ್ಳುತ್ತಾರೆ. ಅದು ಗೊತ್ತಿದ್ದೇ ಸುಟ್ಟಿದ್ದೆ. ಕಂಬಳಿ ಬಿಚ್ಚಲಿಲ್ಲ. ದಿನಾ ಮಧ್ಯಾಹ್ನ ಮಕ್ಕಳು ಆಡಿದರು.

ವಾರ ಕಳೆದು ಒಂದು ಮಧ್ಯಾಹ್ನ ಗಂಡ ಮಂದೆ ಹೊಡೆದುಕೊಂಡು ಬಂದ. ಅವರವ್ವ ಅಂಗಳದಲ್ಲೇ ದೂರು ಹೇಳಿದಳು. ಅವನು ಒಳಗೆ ಹೋಗಿ ಕತ್ತಲಲ್ಲಿ ಕುಂತ. ಸ್ವಲ್ಪ ಹೊತ್ತಿಗೆ ನಗು ಕೇಳಿಸಿತು.

"ಲೇ, ಮರಿಗಳ್ನ ಕೂರಿಗೆ ಹಿಂದೆ ಹಾಕೀಯಲ್ಲೇ. ಅವು ಮುಂದೆ ಹೋಗೋವು."

ನೋಡಿದೆ. ನಿಜ. ಕಂಬಳಿಯ ಸುಟ್ಟ ಬದಿ ವಿಕಾರವಾಗಿದೆ ಎಂದು ಅದನ್ನು ಹೊರಗೆ ಮಾಡಿ ಕಟ್ಟಿದ್ದೆ. ಒಳಗಿನಿಂದ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿತ್ತು. ಮಕ್ಕಳು ಉಲ್ಟಾ ಆಕಾಶವನ್ನೇ ಬಾಯಿಪಾಠ ಮಾಡಿಕೊಂಡಿದ್ದವು.

"ನೋಡಿದ್ಯಾ," ಅಂದಳು ಅತ್ತೆ. "ತಪ್ಪು ಅಂತ ದೇವ್ರೇ ತೋರಿಸ್ದ."

ಗಂಡನಿಗೆ ಜಗಳ ಮುಗಿದರೆ ಸಾಕಾಗಿತ್ತು. "ಕಂಬ್ಳಿ ಮಗುಚಿ ಕಟ್ಟು, ಸರಿಹೋಗ್ತೈತೆ. ಅವ್ವನಿಗೆ ಒಂದ್ಸಲ ಅಡ್ಡಬಿದ್ದು ಬಿಡು."

"ಎರಡೂ ಮಾಡಲ್ಲ. ಮಕ್ಳು ತಪ್ಪು ಕಲ್ತಾವೆ. ಸರಿ ಯಾವ್ದು ಅಂತ ಹೊರಗೆ ನೋಡ್ಲಿ."

ಅವತ್ತು ದೀಪ ಹಚ್ಚಿದ ಮೇಲೆ ಇಬ್ಬರ ಕೈ ಹಿಡಿದು ಹೊಸ್ತಿಲಿಗೆ ಬಂದೆ. ಅತ್ತೆ ಅಲ್ಲೇ ಕುಂತಿದ್ದಳು.

"ದಾಟಿದ್ರೆ ಒಳಗೆ ಬರಬ್ಯಾಡ."

"ಬ್ಯಾಡ ಬಿಡ್ರಿ. ಮಂದೆ ಹತ್ರ ಮಲಗ್ತೀವಿ."

ದಾಟಿದೆ. ಗಂಡ ಕುರಿದೊಡ್ಡಿಯ ಪಕ್ಕ ತನ್ನ ಕಂಬಳಿ ಹಾಸಿ ಕೊಟ್ಟ, ಅಷ್ಟು ಮಾಡಿದ. ದೊಡ್ಡವಳು ಕತ್ತು ಎತ್ತಿ ಬಹಳ ಹೊತ್ತು ಹುಡುಕಿದಳು. "ಅವ್ವಾ, ಅಪ್ಪ ಹೇಳಿದ್ದೇ ಖರೇ. ಮರಿಗಳು ಮುಂದವೆ," ಅಂದಳು. ಚಿಕ್ಕವಳಿಗೆ ಅಷ್ಟು ಚುಕ್ಕಿಗಳಲ್ಲಿ ಕೂರಿಗೆ ಸಿಗಲೇ ಇಲ್ಲ, ಅತ್ತಳು.

ಬೆಳಿಗ್ಗೆ ಅತ್ತೆ ಬಾಗಿಲು ತೆಗೆದು ಪೊರಕೆಯನ್ನು ನನ್ನ ಮುಂದೆ ಎಸೆದಳು. ಒಳಗೆ ಬಾ ಅಂದದ್ದು ಹಾಗೆ. ಕಸ ಗುಡಿಸಿದೆ, ಅಡ್ಡಬೀಳಲಿಲ್ಲ. ಚಿಕ್ಕವಳಿಗೆ ಕೂರಿಗೆ ತೋರಿಸುವುದು ಬಾಕಿ ಇತ್ತು. ಸಂಜೆ ಮತ್ತೆ ಹೊರಗೆ ಕರೆದುಕೊಂಡು ಹೋದೆ.