ಮಸ್ಕಿ ಬಸ್ಸಿನಲ್ಲಿ ಒಂದು ‘ಬೇ’

ಕಾಲುವೆಗೆ ನೀರು ಬಂದು ಕೆಲವು ವರ್ಷಗಳಾಗಿದ್ದವು. ನೀರಿನ ಹಿಂದೆ ಟ್ರ್ಯಾಕ್ಟರುಗಳು ಬಂದವು, ಅವುಗಳ ಹಿಂದೆ ಡ್ರೈವರುಗಳು. ಮೊದಲೆಲ್ಲ ಮಸ್ಕಿಯಿಂದ ಸಿಂಧನೂರಿಗೆ ಹೋಗುವ ಬಸ್ಸಿಗೆ ಹೆಂಗಸರು ಹತ್ತಿದರೆ ಗಂಡಸರು ತಾವಾಗಿಯೇ ಎದ್ದು ಜಾಗ ಬಿಡುತ್ತಿದ್ದರು. ಈಗ ಏಳುವುದಿರಲಿ, ಬಾಯಿಗೆ ಬಂದದ್ದು ಅನ್ನುವವರೇ ಹೆಚ್ಚಾಗಿದ್ದರು.

ಪಕ್ಕದ ಮನೆಯ ಹುಡುಗಿ ಸಿಂಧನೂರಿನ ಶಾಲೆಯಲ್ಲಿ ಹೊಸದಾಗಿ ಟೀಚರ್ ಆಗಿದ್ದಳು. ನಾನೂ ಅದೇ ಬಸ್ಸಿನಲ್ಲಿ ಕಚೇರಿಗೆ ಹೋಗುತ್ತಿದ್ದೆ. ಅವಳ ಅಣ್ಣ ನನಗೆ ಹೇಳಿದ್ದ: “ನೀ ಬಿ.ಎ. ಓದಿದಾಂವ, ಜರಾ ನೋಡ್ಕೋ. ಬಸ್ಸಿನ್ಯಾಗ ಆಕಿ ಮ್ಯಾಲೆ ಒಂದ್ ಮಾತು ಬಂತಂದ್ರ ಆಕಿ ನೌಕರಿ ಬಂದ್ ಮಾಡಿಸ್ತೀನಿ.”

ಒಂದು ಸೋಮವಾರ ಆ ಮಾತು ಬಂದೇಬಿಟ್ಟಿತು. ನಾವಿಬ್ಬರೂ ನಿಂತಿದ್ದೆವು. ಒಬ್ಬ ಡ್ರೈವರ್, ಟ್ರ್ಯಾಕ್ಟರ್ ಚಾಲೂ ಮಾಡುವ ಕಬ್ಬಿಣದ ಹ್ಯಾಂಡಲ್ ಹೆಗಲಿಗಾನಿಸಿಕೊಂಡು, ಇಬ್ಬರ ಸೀಟಿನಲ್ಲಿ ಒಬ್ಬನೇ ಕೂತಿದ್ದ. “ಏನ್ ಬೇ, ಎಷ್ಟೊತ್ತು ನಿಂದರ್ತೀ? ತೊಡಿ ಮ್ಯಾಲೆ ಕುಂದ್ರು ಬಾ” ಎಂದು ಅವಳಿಗೆ ಹೇಳಿದ. ಆ ‘ಬೇ’ ರಾಯಚೂರಿನ ಗ್ಯಾರೇಜಿನಲ್ಲಿ ಕಲಿತ ಉರ್ದು. ಅದರಿಂದ ತನಗೆ ಗತ್ತು ಬರುತ್ತದೆಂದು ಅವನ ನಂಬಿಕೆ.

“ನೋಡಿ, ದಯವಿಟ್ಟು...” ಎಂದೆ. ಅವನು ಹ್ಯಾಂಡಲ್ಲಿನಿಂದ ಸೀಟಿನ ಕಂಬಿಗೆ ಟಣ್ ಎಂದು ಬಾರಿಸಿದ. ನಾನು ಹಿಂದೆ ಸರಿಯಲು ಹೋಗಿ ಯಾರದೋ ಬದನೆಕಾಯಿ ಬುಟ್ಟಿಯ ಮೇಲೆ ಕೂತುಬಿಟ್ಟೆ. ಈಗಲೂ ಅಡುಗೆಮನೆಯಲ್ಲಿ ಸೌಟು ಬಿದ್ದರೆ ಸಾಕು, ಮತ್ತೆ ಅದೇ ಬಸ್ಸಿನಲ್ಲಿರುತ್ತೇನೆ. ಪ್ರತಿ ಸಲ ಬೇರೆ ಮಾತು ಆಡಿ ನೋಡುತ್ತೇನೆ. ಪ್ರತಿ ಸಲವೂ ಹ್ಯಾಂಡಲ್ ಮೇಲೇಳುತ್ತದೆ.

ಮುಂದಿನ ಸೀಟಿನಲ್ಲಿ ಮುಸಲ್ಮಾನರ ಮುದುಕಿ, ಬಳೆ ಮಾರುವವಳು, ತಿರುಗಿ ಕೂತಳು. “ಬೇ ಅಂದ್ಯಾ ಮಗಾ? ನಮ್ಮ ಮಾತಿನ್ಯಾಗ ಬೇ ಅಂದ್ರ ಗಂಡಸರಿಗೆ ಬೈಗಳ. ನಿಮ್ಮ ಮಾತಿನ್ಯಾಗ ಹಡದವ್ವಗ ಬೇ ಅಂತೀರಿ. ಈಕಿ ಗಂಡಸಂತೂ ಅಲ್ಲ. ಅಂದಮ್ಯಾಲೆ ನಿಮ್ಮವ್ವ ಆದ್ಲು. ಅವ್ವನ್ನ ಯಾರರ ತೊಡಿ ಮ್ಯಾಲೆ ಕುಂದ್ರಿಸ್ಕೊಂತಾರೇನೋ?”

ಅವನು ಹ್ಯಾಂಡಲ್ ಹಿಡಿದು ಧಡಕ್ಕನೆ ಎದ್ದು ನಿಂತ. ನಾನು ಕಣ್ಣು ಮುಚ್ಚಿದೆ. ಅಷ್ಟರಲ್ಲಿ ಹಿಂದಿನಿಂದ ಕಂಡಕ್ಟರ್ ಕೂಗಿದ: “ನೋಡ್ರಿ, ಎದ್ದಾನ! ಅವ್ವಗ ಜಾಗಾ ಬಿಟ್ಟಾನ! ಕುಂದರ್ರಿ ಟೀಚರ್, ಮಗಾ ಬಂಗಾರದಂಥಾಂವ ಅದಾನ!”

ಇಡೀ ಬಸ್ಸು ನಕ್ಕಿತು. ಟೀಚರ್ ಕೂತಳು. ಅವನಿಗೆ ಹೊಡೆಯಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಮುಂದಿನ ಸ್ಟಾಪಿನಲ್ಲೇ ಇಳಿದುಹೋದ.

ಟೀಚರ್ ಮಾತ್ರ ನಗಲಿಲ್ಲ. “ಅಣ್ಣಗ ಗೊತ್ತಾದ್ರ ಮುಗೀತ್ರಿ” ಎಂದಳು. ಸಂಜೆಯೊಳಗೆ ಮಸ್ಕಿಗೆಲ್ಲ ಗೊತ್ತಾಗಿತ್ತು.

ಮರುದಿನ ಅಣ್ಣ ಬಸ್‌ಸ್ಟ್ಯಾಂಡಿಗೆ ಬಂದ. ಮುಖ ಬಿಗಿದಿತ್ತು. ನಾನು ಕಂಬದ ಮರೆಗೆ ಸರಿದೆ. ತಂಗಿಯ ಊಟದ ಡಬ್ಬಿ ಹಿಡಿದು ತಾನೇ ಬಸ್ಸು ಹತ್ತಿದ, ಅವಳನ್ನು ಕಿಟಕಿಯ ಹತ್ತಿರ ಕೂರಿಸಿದ, ಸೀಟುಗಳನ್ನೆಲ್ಲ ಒಂದೊಂದಾಗಿ ನೋಡಿದ. ಆಮೇಲೆ ಕಂಡಕ್ಟರನ್ನು ಕೇಳಿದ:

“ಏನ್ರೀ, ನಮ್ಮ ಸೋದರಳಿಯ ಬಂದಿಲ್ಲೇನು ಇವತ್ತ? ಬಂದ್ರ ಹೇಳ್ರಿ, ಅವರವ್ವ ದಿನಾ ಇದೇ ಬಸ್ಸಿಗೆ ಹೋಗ್ತಾಳಂತ.”