ಸರಿಯದ ಮೋಡ

ಕುಂದಗೋಳದ ಹತ್ತಿರದ ಬಸ್ ತಂಗುದಾಣದಲ್ಲಿ ನಿಲ್ಲಲು ಜಾಗವಿರಲಿಲ್ಲ. ಗಂಗವ್ವ ಎಂಬ ರೈತ ಮಹಿಳೆ ನೆಲದ ತುಂಬ ಹೆಸರುಕಾಯಿ ಹರವಿದ್ದರು. ಒಂದನ್ನು ಸುಲಿದು ತೋರಿಸಿದರು. ಬಿಡದ ಮಳೆಗೆ ಗಿಡದಲ್ಲೇ ಕಾಳು ಮೊಳಕೆಯೊಡೆದಿತ್ತು.

ನಾನು ಹವಾಮಾನ ಅಭ್ಯಾಸ ಮಾಡುವವನೆಂದು ತಿಳಿದು ಕೇಳಿದರು: "ಹೊಲದಾಗ ಉಳಿದದ್ದಕ್ಕ ಬಿಸಿಲು ಕಾಯೂಣೇನ್ರಿ, ಹಸೀದ ಬಿಡಿಸೂಣೇನ್ರಿ?"

ಸಾಮಾನ್ಯವಾಗಿ ಮುಂಗಾರಿನ ಮೋಡಗಳ ಅಲೆ ಕೆಲವು ದಿನ ಸುರಿದು ಉತ್ತರಕ್ಕೆ ಸರಿಯುತ್ತದೆ, ಆಮೇಲೆ ಬಿಸಿಲು. ಈ ಸಲ ಅದು ನಿಂತಲ್ಲೇ ನಿಂತಿದೆ. ಯಾಕೆಂದು ನಮಗೂ ಸ್ಪಷ್ಟವಿಲ್ಲ.

"ಕಾಯಬೇಡಿ," ಎಂದೆ.

"ಹಸೀದು ಬಿಡಿಸಿದ್ರ ಮನ್ಯಾಗ ಅರ್ಧ ಕೊಳೀತೈತ್ರಿ. ಆದ್ರೂ ನೀವು ಅಂದ್ರ ಆತು." ಸೊಸೆಗೆ ಫೋನ್ ಮಾಡಿ ಆಳು ಕರೆಯಲು ಹೇಳಿದರು. ಪ್ಲಾಸ್ಟಿಕ್ ಹಾಳೆ ಹೊದ್ದು ಹೊಲಕ್ಕೆ ನಡೆದರು.

ಬಸ್ಸಿನ ಕಿಟಕಿ ಒರೆಸಿ ಒರೆಸಿ ನೋಡುತ್ತಿದ್ದೆ. ಊರು ದಾಟುವಾಗ ಪಶ್ಚಿಮದಲ್ಲಿ ಸ್ವಲ್ಪ ಬಿಸಿಲು ಕಂಡಿತು. ಅದು ಮುಚ್ಚಿಕೊಳ್ಳಲಿ ಎಂದು ಬೇಡಿಕೊಂಡೆ.